ಎರಡನೆಯ ಕಣ್ಣಿನ ಬೇಸಿಗೆ

ಶಿವರಾತ್ರಿ ಕಳೆದ ಮೊದಲ ಸೋಮವಾರ ನಾನು ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸುತ್ತೇನೆ. ಒಂದು ಕಾಲಕ್ಕೆ ಬಿಸ್ಕಿಟು ಇದ್ದ ಡಬ್ಬಿ. ಈಗ ಅದರಲ್ಲಿ ಕರೆಂಟು ಹೋದಾಗ ಬೇಕಾಗುವ ಸಾಮಾನು ಇರುತ್ತದೆ. ಮೇಣಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ, ಟಾರ್ಚು, ಅದರ ಸೆಲ್ಲು. ಬೇಸಿಗೆಯ ಗಾಳಿಮಳೆ ಶುರುವಾಗುವ ಮುಂಚೆ ಎಲ್ಲ ಒರೆಸಿ, ಕೆಟ್ಟದ್ದು ತೆಗೆದು, ಹೊಸದು ಇಡುವುದು ರೂಢಿ. ಈ ಸಲ ಮುಚ್ಚಳ ತೆಗೆದಾಗ ಮೇಣದ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬಿಸಿಲಿಗೆ ಮೆತ್ತಗಾದ ಮೇಣದ ವಾಸನೆಯೇ ಬೇರೆ, ಅದರಲ್ಲಿ ಸ್ವಲ್ಪ ಜಿಡ್ಡು, ಸ್ವಲ್ಪ ಧೂಳು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ನೆಲಕ್ಕೆ ಕೂತೆ. ಅತ್ತೆಯವರಿಗೆ ಎರಡನೆಯ ಕಣ್ಣಿನ ಆಪರೇಶನ್ ಆದ ಬೇಸಿಗೆ ನೆನಪಾಯಿತು. ಆ ಬೇಸಿಗೆಯಲ್ಲಿ ನಾನು ಮಾಡಿದ್ದೆಲ್ಲ ಸೇವೆ ಎಂದು ಜನ ತಿಳಿದರು. ಸೇವೆ ಅರ್ಧ, ಹೊಟ್ಟೆಕಿಚ್ಚು ಅರ್ಧ. ಬರೆಯಲು ಕೂತ ಮೇಲೆ ಸುಳ್ಳು ಯಾಕೆ, ಮನೆದೇವರು ಮಲ್ಲಯ್ಯ ನೋಡುತ್ತಿರುತ್ತಾನೆ.

ನಾವು ಲಿಂಗಸುಗೂರು ಕಡೆಯವರು, ಹೊಟ್ಟೆಪಾಡಿಗೆ ತೆಲುಗು ನಾಡಿನ ಈ ದೊಡ್ಡ ಊರಿಗೆ ಬಂದವರು. ನಮ್ಮವರು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡುತ್ತಾರೆ. ಅದರ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗಿ ಬಂದಾಗಿನಿಂದ ಇದೇ ಮನೆ. ಒಬ್ಬಳೇ ಮಗಳು, ಕೊಟ್ಟ ಮನೆಯಲ್ಲಿ ಸುಖವಾಗಿದ್ದಾಳೆ. ಆ ಬೇಸಿಗೆಯ ಹೊತ್ತಿಗೆ ಅತ್ತೆಯವರು ಇಪ್ಪತ್ತು ವರ್ಷದಿಂದ ನಮ್ಮ ಜೊತೆಯೇ ಇದ್ದರು. ಮೈದುನ ಶಿವು ಇದೇ ಊರಿನ ಆಚೆ ತುದಿಯ ಮಣಿಕೊಂಡದಲ್ಲಿ ಇದ್ದಾನೆ, ಆರನೇ ಮಹಡಿಯಲ್ಲಿ. ಅವನ ಹೆಂಡತಿ ಸವಿತಾ, ಅಂದರೆ ನನ್ನ ನೆಗೆಣ್ಣಿ, ಹುಬ್ಬಳ್ಳಿಯವಳು, ಓದಿದವಳು, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಳ್ಳೆಯವಳು. ಒಳ್ಳೆಯವಳಾಗಿದ್ದೇ ತೊಂದರೆ, ಕೆಟ್ಟವಳಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಮ್ಮ ಗಲ್ಲಿಯ ಮೂಲೆಯಲ್ಲಿರುವ ಟ್ರಾನ್ಸ್‌ಫಾರ್ಮರಿಗೆ ಗಾಳಿ ಎಂದರೆ ಆಗದು. ಏಪ್ರಿಲ್ ಬಂತೆಂದರೆ ವಾರಕ್ಕೆರಡು ಸಲ ಢಂ ಎನ್ನುತ್ತದೆ, ಗಲ್ಲಿಯೆಲ್ಲ ಕತ್ತಲು. ಆಗ ಮೊದಲು ಬೆಳಕು ಕಾಣುತ್ತಿದ್ದದ್ದು ನಮ್ಮ ಮನೆಯಲ್ಲಿ. ನಾನು ಕಣ್ಣು ಮುಚ್ಚಿಕೊಂಡು ಡಬ್ಬಿಗೆ ಕೈ ಹಾಕಿದರೂ ಯಾವುದು ಎಲ್ಲಿದೆ ಎಂದು ಗೊತ್ತು. ಮೇಲಿನ ಮನೆಯ ಹುಡುಗಿ ಮೆಟ್ಟಿಲ ಮೇಲಿಂದಲೇ ತೆಲುಗಿನಲ್ಲಿ “ಶಾಂತಮ್ಮ ಆಂಟೀ, ಕ್ಯಾಂಡಿಲ್ ಉಂದಾ?” ಎಂದು ಕೂಗುತ್ತಿದ್ದಳು. ಒಂದು ಕೊಟ್ಟರೆ ಎರಡು ಕೊಟ್ಟಷ್ಟು ಸಂತೋಷ ನನಗೆ. ಅಂಥ ಒಂದು ಸಂಜೆ ಅತ್ತೆಯವರು ಮಂಚದ ಮೇಲಿಂದ ಹೇಳಿದ್ದರು, “ನಮ್ಮ ಶಾಂತಾನ ಡಬ್ಬ್ಯಾಗ ಸೂರ್ಯ ಅದಾನ ನೋಡ್ರಿ.” ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ಪಕ್ಕದ ಮನೆಯವಳಿಗೆ ಹೇಳಿದ್ದು. ಆದರೂ ನಾನು ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಇಟ್ಟುಕೊಂಡಿದ್ದೆ.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅತ್ತೆಯವರ ಕಣ್ಣಿನ ಪೊರೆ ಬಲಿತಿತ್ತು. ಮೊದಲ ಕಣ್ಣಿನ ಆಪರೇಶನ್ ಆದಾಗ ಆಸ್ಪತ್ರೆ ಹತ್ತಿರ ಎಂದು ಮಣಿಕೊಂಡದಲ್ಲೇ ಇಟ್ಟುಕೊಂಡರು. ತಿಂಗಳ ಮೇಲೆ ತಿರುಗಿ ಬಂದರು. ಬಂದ ದಿನವೇ ಆ ಒಂದು ಹೊಸ ಕಣ್ಣಿನಿಂದ ಮನೆಯೆಲ್ಲ ನೋಡಿದರು, ದೇವರ ಗೂಡಿನ ಮೇಲಿನ ಗೋಡೆ ನೋಡಿ ನಿಂತರು.

“ಇದು ಇಷ್ಟ ಕಪ್ಪ ಯಾವಾಗಾತು ಶಾಂತಾ?”

ಇಪ್ಪತ್ತು ವರ್ಷ ನಾನು ಹಚ್ಚಿದ ದೀಪದ ಮಸಿ ಅದು. ಅದನ್ನು ನಾನು ಕೊಳೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ, ಪುಣ್ಯ ಎಂದುಕೊಂಡಿದ್ದೆ. ಮರುದಿನ ಸೋಡಾ ಹಾಕಿ ಗೋಡೆ ತಿಕ್ಕಿದೆ. ತಿಕ್ಕುವಾಗ ಹಿಂದೆ ಮಂಚದಿಂದ ಸವಿತಾ ಪುರಾಣ ನಡೆದಿತ್ತು. ಸವಿತಾ ಮೊಬೈಲಿನಲ್ಲಿ ಗಂಟೆ ಇಟ್ಟು ಹೊತ್ತಿಗೆ ಸರಿಯಾಗಿ ಔಷಧ ಹಾಕುತ್ತಾಳೆ. ಸವಿತಾ ದಿನಾ ಸಂಜೆ ಲಿಫ್ಟಿನಲ್ಲಿ ಕೆಳಗೆ ಕರೆದುಕೊಂಡು ಹೋಗಿ ಹೂವಿನ ಗಿಡ ತೋರಿಸುತ್ತಾಳೆ. ಕರೆಂಟು ಹೋದರೆ ಕೆಳಗೆ ಜನರೇಟರು ಇದೆ, ಯಾರೂ ಎದ್ದು ಏನೂ ಹಚ್ಚಬೇಕಿಲ್ಲ. “ಅಲ್ಲಿ ಕತ್ತಲಿ ಅನ್ನೂದ ಇಲ್ಲ ನೋಡವಾ,” ಎಂದರು. ಆ ದಿನ ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮವರು ಒಂದು ತುತ್ತು ತಿಂದು ನನ್ನ ಮುಖ ನೋಡಿ, ಮಜ್ಜಿಗೆ ಸುರುವಿಕೊಂಡರು. ಅಂಥ ಗಂಡನನ್ನು ಕೊಟ್ಟದ್ದು ದೇವರ ಒಂದು ಸಣ್ಣ ಉಪಕಾರ.

ಎರಡನೆಯ ಕಣ್ಣು ಯುಗಾದಿಯ ನಂತರ ಎಂದು ಡಾಕ್ಟರು ಹೇಳಿದರು. ಮೈದುನ ಫೋನು ಮಾಡಿ, ಸವಿತಾ ತಯಾರಿದ್ದಾಳೆ, ಅವ್ವನನ್ನು ಇಲ್ಲಿಗೇ ಕರೆದುಕೊಂಡು ಬರುತ್ತೇನೆ ಎಂದ. ನಾನು ನಮ್ಮವರ ಮುಂದೆ ನಿಂತು, ಈ ಸಲ ಇಲ್ಲೇ ಎಂದೆ.

“ಅಲ್ಲಿ ಎಲ್ಲಾ ಸವಲತ್ತು ಐತಿ. ನಿನಗ್ಯಾಕ ಈ ಹಟ?” ಎಂದರು.

“ಇಪ್ಪತ್ತ ವರ್ಷ ಕಾಲ ಒತ್ತಿದಾಕಿ ನಾ. ಕಣ್ಣ ತೆರೆಯೂದು ಅಕಿ ಮನ್ಯಾಗೇನು?”

“ಕಣ್ಣ ತೆರೆಸವ್ರು ಡಾಕ್ಟರ್ರು. ನೀವಿಬ್ರೂ ಅಲ್ಲ,” ಎಂದು ಹೇಳಿ ಅವರು ಡ್ಯೂಟಿಗೆ ಹೋದರು. ಆದರೆ ತಮ್ಮನಿಗೆ ಫೋನು ಮಾಡಿ ನನ್ನ ಮಾತನ್ನೇ ಹೇಳಿದರು. ಅತ್ತೆಯವರು ಮಾತ್ರ ಎಲ್ಲಿ ಹಾಸಿದರೆ ಅಲ್ಲಿ ಮಲಗುತ್ತೇನೆ ಎಂದು ಕೈ ಚೆಲ್ಲಿದರು. ನನಗೆ ಬೇಕಾಗಿದ್ದದ್ದು ಅದಲ್ಲ. ‘ಶಾಂತಾನ ಮನೆಯಲ್ಲೇ ಇರುತ್ತೇನೆ’ ಎಂದು ಅವರ ಬಾಯಿಂದ ಬರಬೇಕಿತ್ತು.

ಡಾಕ್ಟರು ಹೇಳಿಕಳಿಸಿದ್ದು ಇಷ್ಟು: ನಾಲ್ಕು ವಾರ ಕಣ್ಣಿಗೆ ನೀರು ತಾಗಬಾರದು, ಧೂಳು ಬೀಳಬಾರದು, ಹೊಗೆ ಹತ್ತಿರ ಸುಳಿಯಬಾರದು, ಮೂರು ಬಗೆಯ ಹನಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷ ಬಿಡಬೇಕು. ಹೊಗೆ ಎಂಬ ಮಾತು ಕೇಳಿದೊಡನೆ ಅಟ್ಟದ ಕಡೆ ನೋಡಿದೆ. ಟಾರ್ಚೊಂದು ಬಿಟ್ಟರೆ ನನ್ನ ಡಬ್ಬಿಯಲ್ಲಿದ್ದದ್ದೆಲ್ಲ ಹೊಗೆಯಾಡುವ ಸಾಮಾನೇ. ಅವತ್ತೇ ಬಜಾರಿಗೆ ಹೋಗಿ ಒಂದು ದೊಡ್ಡ ಚಾರ್ಜಿಂಗ್ ಲೈಟು ತಂದೆ, ಬಿಳಿಯದು, ಮೇಲೆ ಹಿಡಿಕೆ ಇದ್ದದ್ದು. ಅಂಗಡಿಯವನು ಹಿಂದಿಯಲ್ಲಿ ಏನೇನೋ ವಿವರಿಸುತ್ತಿದ್ದ. ನನ್ನ ಲಕ್ಷ್ಯ ಅಲ್ಲಿರಲಿಲ್ಲ. ಸವಿತಾ ನಮ್ಮ ಮನೆಗೆ ಬಂದು ಈ ಲೈಟು ನೋಡಿದಾಗ ಅವಳ ಮುಖ ಹೇಗಾಗಬಹುದು ಎಂಬುದರಲ್ಲಿತ್ತು.

ನಮ್ಮ ಮನೆಯಲ್ಲಿ ಹೊಸ ಸಾಮಾನನ್ನು ದೇವರಿಗೆ ತೋರಿಸದೆ ಬಳಸುವುದಿಲ್ಲ. ಮಿಕ್ಸರ್ ಬಂದಾಗಲೂ ಹಾಗೆ, ಸಿಲಿಂಡರ್ ಬಂದಾಗಲೂ ಹಾಗೆ. ಸೋಮವಾರ ತಲೆಗೆ ನೀರು ಹಾಕಿಕೊಂಡು, ಲಿಂಗಪೂಜೆ ಮುಗಿಸಿ, ಲೈಟಿಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಇನ್ನು ಕುಂಕುಮ. ಲೈಟಿನ ಹಣೆ ಯಾವುದು ಎಂದು ಹುಡುಕಿದೆ. ಸ್ವಿಚ್ಚಿನ ಮೇಲೆ ಒಂದು ಸಣ್ಣ ಗಾಜಿನ ಗುಂಡು ಇತ್ತು, ಜೋಳದ ಕಾಳಿನಷ್ಟು, ಕುಂಕುಮಕ್ಕೆಂದೇ ಮಾಡಿಟ್ಟ ಹಾಗೆ. ಬಿದ್ದುಹೋಗಬಾರದೆಂದು ಎಣ್ಣೆಯಲ್ಲಿ ಕಲೆಸಿ ದಪ್ಪಗೆ ಅಲ್ಲಿಯೇ ಇಟ್ಟೆ. ದೇವರ ಗೂಡಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದೆ. ಏಳು ದಿನ ಅದು ಅಲ್ಲೇ ಇತ್ತು. ದಿನಾ ಬೆಳಿಗ್ಗೆ ಮಲ್ಲಯ್ಯನಿಗೆ ಕೈ ಮುಗಿದ ಮೇಲೆ ಅದಕ್ಕೂ ಮುಗಿಯುತ್ತಿದ್ದೆ.

ಆಪರೇಶನ್ ಆಯಿತು. ಅತ್ತೆಯವರು ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ನಮ್ಮ ಬಾಗಿಲಲ್ಲೇ ಇಳಿದರು. ಆ ಹೊತ್ತಿಗೆ ನನಗಾದ ಹೆಮ್ಮೆಯನ್ನು ದೇವರು ನೋಡಿರಬೇಕು, ಅದಕ್ಕೇ ಮುಂದಿನದು. ಮೊದಲ ಮೂರು ದಿನ ಎಲ್ಲ ಸರಿಯಾಗಿ ನಡೆಯಿತು. ಕಿಟಕಿಗೆ ಹಳೆಯ ಸೀರೆ ಕಟ್ಟಿದೆ. ಒಗ್ಗರಣೆಯ ಹೊಗೆ ಬರಬಾರದೆಂದು ಬರೀ ಗಂಜಿ, ಬೇಯಿಸಿದ ಸೊಪ್ಪಿನ ಮುದ್ದಿಪಲ್ಯ ಮಾಡಿದೆ. ಹನಿ ಹಾಕುವಾಗ ಅತ್ತೆಯವರು ಒಂದು ದಿನ, “ಸವಿತಾನಂಗ ನಿನ್ನ ಕೈನೂ ಹಗೂರ ಐತಿ,” ಎಂದರು. ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ನನಗೆ ಕೇಳಿಸಿದ್ದು ಸವಿತಾ ಎಂಬ ಒಂದೇ ಶಬ್ದ.

ಅವಳು ದಿನಕ್ಕೆ ಮೂರು ಸಲ ಫೋನು ಮಾಡಿ ವಿಚಾರಿಸುತ್ತಿದ್ದಳು. ಕರೆಂಟು ಹೋಗುತ್ತಿದೆಯೇ ಎಂದು ಒಮ್ಮೆ ಕೇಳಿದಳು. ಅವತ್ತು ಬೆಳಿಗ್ಗೆ ತಾನೇ ಅರ್ಧ ಗಂಟೆ ಹೋಗಿತ್ತು. “ಇಲ್ಲವಾ, ಇಲ್ಲಿ ಎಲ್ಲಿ ಹೋಗತೈತಿ,” ಎಂದೆ. ಮಂಚದ ಮೇಲೆ ಮಲಗಿದ್ದ ಅತ್ತೆಯವರು ನನ್ನ ಕಡೆ ಮುಖ ತಿರುಗಿಸಿದರು. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಗೊತ್ತಾಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನದಿಂದಲೇ ಗಾಳಿ ಆಡಲಿಲ್ಲ. ಐದರ ಹೊತ್ತಿಗೆ ಆಕಾಶ ಬಾಣಲೆಯ ತಳದ ಹಾಗೆ ಕಪ್ಪಾಯಿತು. ಮೊದಲು ಧೂಳು ಎದ್ದಿತು, ಆಮೇಲೆ ಆಲಿಕಲ್ಲು, ಆಮೇಲೆ ಮಳೆ. ಬೇವಿನ ಟೊಂಗೆ ತಂತಿಯ ಮೇಲೆ ಮುರಿದು ಬಿದ್ದ ಸದ್ದು ಕೇಳಿತು, ಹಿಂದೆಯೇ ಟ್ರಾನ್ಸ್‌ಫಾರ್ಮರಿನ ಢಂ. ಕಿಟಕಿಗೆ ಕಟ್ಟಿದ ಸೀರೆ ಕಿತ್ತು ಹಾರಿ, ಒಳಗೆಲ್ಲ ಧೂಳು ನುಗ್ಗಿತು. ಕಿಟಕಿ ಎಳೆದು ಮುಚ್ಚಿದೆ. ಮನೆಯೊಳಗೆ ಕತ್ತಲು. ಹನಿ ಹಾಕುವ ಹೊತ್ತಾಗಿತ್ತು.

ಆದರೂ ನಾನು ಹೆದರಲಿಲ್ಲ. ಹೆಮ್ಮೆಯಿಂದಲೇ ಹೋಗಿ ಲೈಟು ತಂದು ಮಂಚದ ಪಕ್ಕ ಇಟ್ಟು ಹಚ್ಚಿದೆ. ಹಾಲಿನಂಥ ಬೆಳಕು ಬಿತ್ತು. ನೋಡ್ರಿ ಅತ್ತಿ, ಎಂದೆ. ಮೊದಲ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಬೆಳಕು ಹಳದಿಯಾಯಿತು, ಕೆಂಪಗಾಯಿತು, ಹೋಯಿತು. ಅಲುಗಾಡಿಸಿದೆ, ತಟ್ಟಿದೆ, ಮಲ್ಲಯ್ಯಾ ಎಂದು ಕರೆದೆ. ಏನೂ ಇಲ್ಲ.

ಅಟ್ಟಕ್ಕೆ ಕೈ ಹಾಕಿ ಡಬ್ಬಿ ಇಳಿಸಿದೆ. ಆ ವರ್ಷ ಮೊದಲು ಸವಿತಾಳ ಗುಂಗಿನಲ್ಲಿ, ಆಮೇಲೆ ಹೊಸ ಲೈಟಿನ ಗುಂಗಿನಲ್ಲಿ ಅದನ್ನು ತೆಗೆದು ನೋಡಿಯೇ ಇರಲಿಲ್ಲ. ಬಿಸಿಲಿಗೆ ಮೇಣಬತ್ತಿಗಳೆಲ್ಲ ಕರಗಿ, ಒಂದಕ್ಕೊಂದು ಅಂಟಿ, ಬೆಲ್ಲದ ಪೆಂಟೆಯ ಹಾಗಾಗಿದ್ದವು. ಹಚ್ಚಿದರೂ ಹೊಗೆ. ಟಾರ್ಚು ಮಾತ್ರ ಹತ್ತಿತು. ಆದರೆ ಒಂದು ಕೈಯಲ್ಲಿ ರೆಪ್ಪೆ ಹಿಡಿಯಬೇಕು, ಇನ್ನೊಂದರಲ್ಲಿ ಬಾಟಲಿ; ಟಾರ್ಚಿಗೆ ಮೂರನೆಯ ಕೈ ಎಲ್ಲಿಂದ ತರಲಿ? ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಬೆಳಕು ಸೀದಾ ಹೊಸ ಕಣ್ಣಿಗೆ ಬಿದ್ದು ಅತ್ತೆಯವರು ಅಯ್ಯೋ ಎಂದು ಮುಖ ತಿರುಗಿಸಿದರು. ಮೊದಲ ಹನಿ ಕೆನ್ನೆಗೆ, ಎರಡನೆಯದು ಮೂಗಿಗೆ. ಮೂರನೆಯದು ಒಳಗೆ ಬಿತ್ತು. ಆದರೆ ಬಾಟಲಿಗಳು ಅವಳಿ ಮಕ್ಕಳ ಹಾಗೆ ಒಂದೇ ಥರ. ನಾನು ಹಾಕಿದ್ದು ಯಾವುದು ಎಂಬುದೇ ಆಗ ಗೊತ್ತಾಗಲಿಲ್ಲ. ಕಣ್ಣಲ್ಲಿ ಒಂದೇ ಸಮನೆ ನೀರು. ಟಾರ್ಚನ್ನು ಗೋಡೆಯ ಕಡೆ ತಿರುಗಿಸಿ ನೋಡಿದೆ. ಕಣ್ಣು ದಾಸವಾಳದ ಹಾಗೆ ಕೆಂಪಗಾಗಿತ್ತು.

“ಚುಚ್ಚಾಕತ್ತೈತಿ ಶಾಂತಾ,” ಎಂದರು ಅತ್ತೆಯವರು ಮೆಲ್ಲಗೆ. ಅವರು ಕೂಗಾಡಿದ್ದರೆ ನನಗೆ ಧೈರ್ಯ ಇರುತ್ತಿತ್ತು.

ನಮ್ಮವರು ಸೆಕೆಂಡ್ ಶಿಫ್ಟಿನಲ್ಲಿದ್ದರು. ಮೇಲಿನ ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದರು. ಗಲ್ಲಿಯಲ್ಲಿ ಬೇರೆಯವರಿದ್ದರು, ಇಲ್ಲವೆಂದಲ್ಲ. ಆದರೆ ಆ ಗಲ್ಲಿಗೆಲ್ಲ ಬೆಳಕು ಕೊಟ್ಟವಳು ನಾನು. ಕೇಳಲು ಹೋಗಲು ಕಾಲು ಬರಲಿಲ್ಲ. ನನ್ನ ಮೊಬೈಲಿನಲ್ಲಿ ಒಂದು ಗೆರೆಯಷ್ಟು ಚಾರ್ಜು ಉಳಿದಿತ್ತು, ಒಂದು ಫೋನಿಗೆ ಸಾಕಾಗುವಷ್ಟು. ಯಾರಿಗೆ ಮಾಡಬೇಕೆಂದು ಗೊತ್ತಿತ್ತು. ಗೊತ್ತಿದ್ದೂ ಮೊಬೈಲು ಹಿಡಿದುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆ ಎಂದು ಇಲ್ಲಿ ಬರೆಯುವುದಿಲ್ಲ, ಅದು ನನಗೂ ಮಲ್ಲಯ್ಯನಿಗೂ ಗೊತ್ತಿದ್ದರೆ ಸಾಕು. ಆಮೇಲೆ ಸವಿತಾಳ ನಂಬರು ಒತ್ತಿದೆ.

ಆ ಮಳೆಯಲ್ಲಿ, ಆ ಟ್ರಾಫಿಕ್ಕಿನಲ್ಲಿ ಅವಳೂ ಮೈದುನನೂ ಬಂದು ಮುಟ್ಟಲು ಒಂದೂವರೆ ತಾಸು ಹಿಡಿಯಿತು. ಚಪ್ಪಲಿ ಬಿಟ್ಟವಳೇ ಕೈ ತೊಳೆದುಕೊಂಡಳು. ಮೈದುನನ ಕೈಗೆ ಮೊಬೈಲು ಕೊಟ್ಟು ಗೋಡೆಯ ಮೇಲೆ ಬೆಳಕು ಬೀಳುವ ಹಾಗೆ ಹಿಡಿಸಿದಳು. ಡಾಕ್ಟರಿಗೆ ಫೋನು ಹಚ್ಚಿ, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವರಿಗೆ ಹೇಳಿದಳು. ಧೂಳು ಬಿದ್ದಿದೆ, ಉಜ್ಜಬೇಡಿ, ಹನಿ ತಪ್ಪಿಸಬೇಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ ಎಂದರಂತೆ. ಅವಳ ಒಂದು ಹನಿಯೂ ಕೆನ್ನೆಗೆ ಬೀಳಲಿಲ್ಲ. ಅದನ್ನೂ ನಾನು ನೋಡಿದೆ. ಅತ್ತೆಯವರ ಕಣ್ಣು ಉಳಿಯಲಿ ಎಂದು ಹರಕೆ ಹೊರುತ್ತಲೇ, ಒಂದು ಹನಿಯಾದರೂ ಆಚೆ ಬೀಳಬಾರದೇ ಎಂದು ನೋಡಿದೆ. ಮನುಷ್ಯರ ಮನಸ್ಸು ಹೀಗೂ ಇರುತ್ತದೆ.

ಹತ್ತು ನಿಮಿಷ ಬಿಡಬೇಕಲ್ಲ, ಆ ಬಿಡುವಿನಲ್ಲಿ ಅವಳು ಸತ್ತುಹೋದ ಲೈಟನ್ನು ಎತ್ತಿ ತಿರುಗಿಸಿ ನೋಡಿದಳು. ಸೆರಗಿನ ತುದಿಯಿಂದ ಕುಂಕುಮ ಒರೆಸಿದಳು. ಪ್ಲಗ್ಗಿನ ಹತ್ತಿರ ಹೋಗಿ ಅಲುಗಾಡಿಸಿದಳು. ಅದು ಸಡಿಲಾಗಿ ಗೋಡೆಯಿಂದ ಜೋಲುತ್ತಿತ್ತು.

“ಅಕ್ಕಾರ, ಚಾರ್ಜ್ ಆಗಾಕತ್ತಿದ್ರ ಇಲ್ಲಿ ಕೆಂಪ ದೀಪ ಹತ್ತತೈತ್ರಿ. ಇದರ ಮ್ಯಾಲ ಕುಂಕುಮ ಕುಂತಿತ್ತು, ನಿಮಗ ಕಂಡಿಲ್ಲ.”

ಏಳು ದಿನ ಒಂದು ಚೂರೂ ಕರೆಂಟು ಅದರೊಳಗೆ ಹೋಗಿರಲಿಲ್ಲ. ನಾನು ಕೈ ಮುಗಿದದ್ದು ಖಾಲಿ ಡಬ್ಬಕ್ಕೆ. ಮೈದುನ ಫಕ್ಕನೆ ನಕ್ಕ. ಸವಿತಾ ನಗಲಿಲ್ಲ, ಅವನನ್ನು ಗದರಿದಳು. ಅವಳೂ ನಕ್ಕಿದ್ದರೆ ನಾನು ಅವತ್ತು ರಾತ್ರಿಯೆಲ್ಲ ಅವಳನ್ನು ಬೈದುಕೊಂಡು ಹಗುರಾಗುತ್ತಿದ್ದೆ.

ಅತ್ತೆಯವರನ್ನು ಕರೆದುಕೊಂಡು ಹೋಗುತ್ತೇವೆ ಎಂದು ಅವರಿಬ್ಬರೂ ಬಾಯಿ ಬಿಟ್ಟು ಅನ್ನಲಿಲ್ಲ. ಕಾರು ಮಾತ್ರ ಗಲ್ಲಿಯ ತುದಿಯಲ್ಲಿ ನಿಂತಿತ್ತು. ಅತ್ತೆಯವರು ಎದ್ದು ಕೂತರು.

“ಶಾಂತಾ, ನೀ ಹೇಳು. ಹೋಗಲೇನು, ಇರಲೇನು?”

ನನ್ನ ಮೇಲೆ ಬಿಟ್ಟರು. ಇರಿ ಎಂದಿದ್ದರೆ ಇರುತ್ತಿದ್ದರು, ಆ ಕಣ್ಣು ಇಟ್ಟುಕೊಂಡು ಆ ಕತ್ತಲಲ್ಲೇ. ನನ್ನ ನಾಲಿಗೆಯ ತುದಿಗೆ ಅದು ಬಂದೂ ಇತ್ತು.

“ಹೋಗಿ ಬರ್ರಿ ಅತ್ತಿ,” ಎಂದೆ.

ಎರಡು ನೂಲಿನ ಸೀರೆ, ವಿಭೂತಿ ಗಟ್ಟಿ, ಔಷಧದ ಚೀಟಿ ಚೀಲಕ್ಕೆ ಹಾಕಿದೆ. ಕಾರಿನವರೆಗೆ ಕೊಡೆ ಹಿಡಿದೆ. ಅವತ್ತು ಕರೆಂಟು ಬರಲೇ ಇಲ್ಲ, ಮರುದಿನ ಮಧ್ಯಾಹ್ನ ಬಂತು. ಅದನ್ನೂ ನಾನು ದೇವರ ಉಪಕಾರದ ಲೆಕ್ಕಕ್ಕೆ ಹಾಕುತ್ತೇನೆ. ಕಾರು ತಿರುವು ದಾಟಿದ ಕೂಡಲೇ ದೀಪ ಬಂದಿದ್ದರೆ ಇವತ್ತಿಗೂ ಹಲುಬುತ್ತಿದ್ದೆ. ಕಣ್ಣಿಗೆ ಏನೂ ಆಗಲಿಲ್ಲ, ಎರಡೇ ದಿನದಲ್ಲಿ ಕೆಂಪು ಇಳಿಯಿತು ಎಂದು ಸವಿತಾಳೇ ಫೋನು ಮಾಡಿ ಹೇಳಿದಳು. ಅದು ದೊಡ್ಡ ಉಪಕಾರ.

ಎಂಟು ದಿನ ಕಳೆದು ನಾನು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ಮಣಿಕೊಂಡಕ್ಕೆ ಹೋದೆ. ಅತ್ತೆಯವರ ಮುಖ ತುಂಬಿಕೊಂಡಿತ್ತು. ಮಂದ ಬೆಳಕಿರಲಿ ಎಂದು ಹಾಲಿನ ದಪ್ಪ ಪರದೆ ಎಳೆದಿದ್ದರು. ಸೋಫಾದ ಮೇಲೆ ಅತ್ತೆಯವರು, ಅವರಿಗೆ ಆತುಕೊಂಡು ಸವಿತಾ, ಎದುರಿನ ಕುರ್ಚಿಯಲ್ಲಿ ಬಂದ ಅತಿಥಿಯ ಹಾಗೆ ನಾನು. ಚಹಾ ಕುಡಿದೆವು. ರೊಟ್ಟಿ ಮೆತ್ತಗಾಗಿದೆ ಎಂದರು ಅತ್ತೆಯವರು. ಹೊರಗೆ ಮೋಡ ಕವಿದು ಗಾಳಿ ಎದ್ದಿತು. ಸವಿತಾ ಅವರ ಹೆಗಲ ಮೇಲಿನ ಸೆರಗು ಸರಿಮಾಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ.

ಅಷ್ಟರಲ್ಲಿ ದೀಪ ಹೋಯಿತು. ಫ್ಯಾನು ನಿಂತಿತು. ಪರದೆ ಎಳೆದ ಕೋಣೆಯಲ್ಲಿ ಏನೂ ಕಾಣಿಸಲಿಲ್ಲ.

“ಶಾಂತಾ,” ಎಂದರು ಅತ್ತೆಯವರು. “ಎಲ್ಲಿದ್ದೀಯವಾ?”

ಅವರ ಪಕ್ಕದಲ್ಲೇ ಸವಿತಾ ಇದ್ದಳು. ಅವಳ ಕೈ ಅವರ ಹೆಗಲ ಮೇಲೇ ಇತ್ತು. ನಾನು ಎದ್ದು ತಡಕಿದೆ. ಗಾಳಿಯಲ್ಲಿ ಚಾಚಿದ್ದ ಅವರ ಕೈ ಸಿಕ್ಕಿತು.

“ಇಲ್ಲೇ ಅದೀನ್ರಿ ಅತ್ತಿ.”

ಕೆಳಗೆ ಎಲ್ಲೋ ಜನರೇಟರು ಗುರ್ ಎಂದಿತು, ದೀಪ ಬಂತು. ನಾನು ಸವಿತಾಳ ಮುಖ ನೋಡಿದೆ. ನೋಡಬಾರದಿತ್ತು. ಆ ಮುಖವನ್ನು ನಾನು ಬಲ್ಲೆ, ಎಷ್ಟು ತಿಂಗಳು ನನ್ನ ಕನ್ನಡಿಯಲ್ಲಿ ಕಂಡದ್ದು ಅದೇ ಮುಖ. ಮಲ್ಲಯ್ಯ ಕ್ಷಮಿಸಲಿ, ಅವಳನ್ನು ನೋಡಿ ನನಗೆ ಪಾಪ ಅನ್ನಿಸಲಿಲ್ಲ.

ಅವಳು ಎದ್ದು, ಚಹಾ ಮಾಡುತ್ತೇನೆ ಎಂದಳು. ನಾವು ಆಗಷ್ಟೇ ಕುಡಿದಿದ್ದೆವು, ಖಾಲಿ ಕಪ್ಪುಗಳು ಇನ್ನೂ ಟೀಪಾಯಿಯ ಮೇಲೆ ಇದ್ದವು. ನಾನು ಬೇಡ ಎನ್ನಲಿಲ್ಲ. ಅವಳು ಒಳಗೆ ಇದ್ದಷ್ಟು ಹೊತ್ತೂ ಅತ್ತೆಯವರ ಕೈ ನನ್ನ ಕೈಯಲ್ಲೇ ಇತ್ತು.